ನಾಡದೋಣಿಗಳ ಮೇಳವನ್ನು ನಾವೇ ನಡೆಸೋಣ

ಕಳೆದ ತಿಂಗಳು ಕುಮಟೆಯಲ್ಲಿ ಕೂಡಿದ ಕಾರ್ಯಕರ್ತರ ಸಭೆಯಲ್ಲಿ ನಾನೊಂದು ಸೂಚನೆಯನ್ನು ಮಂಡಿಸಿದೆ. ಬರುವ ಮಾಘ ಹುಣ್ಣಿಮೆಯ ದಿನ ಅಘನಾಶಿನಿ ಹೊಳೆಯ ಬಾಯಲ್ಲಿ ಹಾಯಿಯ ದೋಣಿ, ಹುಟ್ಟಿನ ದೋಣಿ, ಪಾತಿ, ತಾರಿಯ ದೋಣಿ ಇವನ್ನೆಲ್ಲ ಒಂದೆಡೆ ಕೂಡಿಸಬೇಕು, ಅದರ ಹೊಣೆಯನ್ನು ದೋಣಿಯವರೇ ಹೊರಬೇಕು, ಪಕ್ಷದವರು ಹೆಗಲು ಕೊಡಬೇಕು ಎಂಬುದೇ ಆ ಸೂಚನೆ. ಸಭೆಯಲ್ಲಿ ಕೆಲವರು ನಕ್ಕರು. ಒಬ್ಬ ಹಿರಿಯ ಸಂಗಾತಿಗಳು, “ಮಾಸ್ತರಿಗೆ ಶಾಲೆಯ ಸ್ನೇಹ ಸಮ್ಮೇಳನದ ಚಟ ಇನ್ನೂ ಬಿಟ್ಟಿಲ್ಲ” ಎಂದರು. ಮತ್ತೊಬ್ಬರು, “ಸೀಮೆಎಣ್ಣೆಗಾಗಿ ಮೀನುಗಾರರು ಸಾಲು ನಿಂತಿರುವಾಗ ನಾವು ಜಾತ್ರೆ ಮಾಡುವುದೇ?” ಎಂದು ಕೇಳಿದರು. ಮೊದಲನೆಯ ಮಾತು ಚೇಷ್ಟೆಯದು. ಅದಕ್ಕೆ ಉತ್ತರ ಬೇಡ. ಎರಡನೆಯದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕರಾವಳಿಯ ದೋಣಿಗೆ ಏನಾಯಿತೆಂಬುದನ್ನು ನೋಡೋಣ. 1952ರಲ್ಲಿ ಕೇರಳಕ್ಕೆಂದು ಒಪ್ಪಂದವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಯಂತ್ರದ ದೋಣಿ ಬಂದುದು ತಪ್ಪೆಂದು ನಾನು ಹೇಳುವುದಿಲ್ಲ. ರಟ್ಟೆ ಮುರಿಯುವಂತೆ ಹುಟ್ಟು ಹಾಕಿದವನಿಗೆ ಯಂತ್ರದ ಬೆಲೆ ಗೊತ್ತು. ಆದರೆ ಯಂತ್ರ ಯಾರ ಕೈಗೆ ಹೋಯಿತು ಎಂಬುದೇ ಪ್ರಶ್ನೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಅಲ್ಲಿಯವರೆಗೆ ಬಂಗುಡೆ, ತಾರ್ಲೆ ಮೀನಿನ ಹಿಂಡು ದಡದ ಸಮೀಪಕ್ಕೆ ಬರುವುದನ್ನು ಕಾದು ರಂಪಣಿ ಬೀಸುತ್ತಿದ್ದರು. ಒಂದು ರಂಪಣಿಗೆ ಹತ್ತಾರು ಜನ ಬೇಕು. ಬಲೆಯ ತುಂಡುಗಳನ್ನು ಮನೆಮನೆಯವರು ಕೊಟ್ಟು ಕೂಡಿಸುತ್ತಿದ್ದರು. ಹಗ್ಗ ಎಳೆದವರಿಗೆಲ್ಲ ಪಾಲು ಇರುತ್ತಿತ್ತು. ಆ ಪದ್ಧತಿಯಲ್ಲಿಯೂ ಮೇಲು-ಕೀಳು ಇತ್ತು, ಸಾಹುಕಾರನ ಸಾಲವಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಸಮುದ್ರದ ಮೀನು ಊರಿನದಾಗಿತ್ತು. ಪರ್ಸೀನ್ ಬೋಟುಗಳು ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಬರಿಗೈಯಾಯಿತು. ಮೀನುಗಾರರು ದೊಡ್ಡ ಚಳವಳಿಯನ್ನೇ ಹೂಡಿದರು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದಿತು. ಕಾಯಿದೆ ಬರುವಷ್ಟರಲ್ಲಿ ರಂಪಣಿ ದೋಣಿಗಳು ದಡದ ಮೇಲೆ ಬಿರುಕು ಬಿಟ್ಟು ಒಣಗುತ್ತಿದ್ದವು.

ಹೊಳೆಯ ದೋಣಿಯ ಕಥೆ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ಹೊಳೆಗಳ ಮೇಲೆ ಸೇತುವೆಗಳು ಎದ್ದವು. ಸೇತುವೆ ಬೇಕಾದುದೇ. ಹೆರಿಗೆ ನೋವು ತಿನ್ನುವ ಹೆಂಗಸು ಅಪರಾತ್ರಿಯಲ್ಲಿ ದೋಣಿ ಕಾಯುತ್ತ ಕೂರಲಿ ಎಂದು ಬಯಸುವವನು ಮನುಷ್ಯನಲ್ಲ. ಆದರೆ ತಲೆತಲಾಂತರದಿಂದ ಜನರನ್ನು ದಾಟಿಸಿದ ಅಂಬಿಗನಿಗೆ ಸೇತುವೆ ಕಟ್ಟಿದ ಸರಕಾರ ಬದಲಿ ಕೆಲಸವೇನು ಕೊಟ್ಟಿತು? 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೆಯ ಸೇತುವೆ ಲಾರಿಯ ಸಮೇತ ಕುಸಿದುಬಿತ್ತು. ಆಗ ಕತ್ತಲೆಯಲ್ಲಿ ದೋಣಿ ಒಯ್ದು ಲಾರಿಯ ಚಾಲಕನನ್ನು ಮೇಲೆತ್ತುವ ಕೆಲಸಕ್ಕೆ ಒದಗಿದವರು ಮೀನುಗಾರರೇ. ಸೇತುವೆ ಬಿದ್ದಾಗ ನೆನಪಾಗುವ ದೋಣಿ, ಸೇತುವೆ ನಿಂತಿರುವಾಗ ಯಾರಿಗೂ ನೆನಪಾಗುವುದಿಲ್ಲ.

ಇಷ್ಟಾದರೂ ದೋಣಿ ಸತ್ತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಕಡಲು ನಿಷೇಧ. ಆ ಮಳೆಗಾಲದಲ್ಲಿ ನಮ್ಮ ಊರುಗಳಿಗೆ ಹಸಿ ಮೀನು ತರುವುದು ನಾಡದೋಣಿ. ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು, ಚಿಪ್ಪಿಕಲ್ಲು ಬಾಚಿ ತರುವುದು ಪಾತಿ. ಗಜನಿಯ ಕಟ್ಟೆಯ ಆಚೆಗೆ ಹುಲ್ಲು, ಗೊಬ್ಬರ, ಭತ್ತದ ಮೂಟೆ ಸಾಗಿಸುವುದೂ ಅದೇ. ಮಾವಿನ ಮರವನ್ನು ತೋಡಿ ಮಾಡಿದ ಪಾತಿ ಕಡಮೆಯಾಗಿ ಫೈಬರ್ ದೋಣಿ ಹೆಚ್ಚಾಗಿರುವುದು ನಿಜ. ಆದರೆ ಹುಟ್ಟು ಹಿಡಿಯುವ ಕೈ ಅದೇ ಕೈ.

ಹೀಗಿರುವಾಗ ಮೇಳವೇಕೆ? ಉತ್ತರ ಸರಳವಾಗಿದೆ: ನಮ್ಮ ದಡ ಬರಿದಾಗಿದೆ, ಅಲ್ಲಿ ಯಾರೂ ಇಲ್ಲ ಎಂದು ಹೇಳುವವರು ಹೆಚ್ಚಾಗಿದ್ದಾರೆ. ಯಾವುದೇ ದೊಡ್ಡ ಯೋಜನೆ ಬರುವ ಮೊದಲು ಒಂದು ಸಮೀಕ್ಷೆ ಬರುತ್ತದೆ. ಪಟ್ಟಿ ಹಿಡಿದ ನೌಕರರು ಮಧ್ಯಾಹ್ನ ಹನ್ನೆರಡು ಗಂಟೆಗೆ ಜೀಪಿನಿಂದ ಇಳಿಯುತ್ತಾರೆ. ಆ ಹೊತ್ತಿಗೆ ದೋಣಿಯವನು ಕಡಲಲ್ಲಿರುತ್ತಾನೆ ಇಲ್ಲವೇ ಬೆಳಗಿನ ಕೆಲಸ ಮುಗಿಸಿ ಮಲಗಿರುತ್ತಾನೆ. ಅವನ ಹೆಂಡತಿ ಮೀನಿನ ಬುಟ್ಟಿ ಹೊತ್ತು ಘಟ್ಟದ ಕಡೆಯ ಬಸ್ಸಿನಲ್ಲಿರುತ್ತಾಳೆ. ದಡದಲ್ಲಿ ನಾಲ್ಕು ಬೋರಲು ಹಾಕಿದ ದೋಣಿ, ಎರಡು ನಾಯಿ. ಪಟ್ಟಿಯಲ್ಲಿ ‘ಖಾಲಿ ಜಾಗ’ ಎಂದು ಬರೆದುಕೊಂಡು ಜೀಪು ಹೊರಟುಹೋಗುತ್ತದೆ. ಮುಂದೆ ಆ ಎರಡು ಶಬ್ದಗಳೇ ಹುಜೂರಿನಲ್ಲಿ, ರಾಜಧಾನಿಯಲ್ಲಿ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುತ್ತವೆ.

ಇದು ಕಲ್ಪನೆಯ ಭಯವಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ-ಅಂಕೋಲೆಯ ನಡುವಿನ ಸಾವಿರಾರು ಕುಟುಂಬಗಳು ದಡ ಬಿಟ್ಟವು. ದೇಶದ ರಕ್ಷಣೆಗೆಂದು ಜಾಗ ಕೊಟ್ಟವರು ಪರಿಹಾರದ ಹಣಕ್ಕಾಗಿ ವರ್ಷಾನುಗಟ್ಟಲೆ ಕಚೇರಿಗಳನ್ನು ಅಲೆದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. 2020ರ ಜನವರಿಯಲ್ಲಿ ಕಾರವಾರದ ಬಂದರು ವಿಸ್ತರಣೆಯ ವಿರುದ್ಧವೂ, 2025ರಲ್ಲಿ ಅಂಕೋಲೆಯ ಕೇಣಿಯ ಬಂದರು ಯೋಜನೆಯ ವಿರುದ್ಧವೂ ಹೆಂಗಸರು ಮಕ್ಕಳೊಂದಿಗೆ ಜನ ಬೀದಿಗಿಳಿದರು. ತದಡಿಯನ್ನೇ ತೆಗೆದುಕೊಳ್ಳಿ. ಅಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ 2000ದ ದಶಕದಲ್ಲಿ ಬಂದಿತ್ತು. ಜನ ಎದ್ದುನಿಂತುದರಿಂದ ಅದು ಬಿದ್ದುಹೋಯಿತು. 2024ರಲ್ಲಿ ಇದೇ ಅಳಿವೆಗೆ ರಾಮ್ಸರ್ ತಾಣವೆಂಬ ಮನ್ನಣೆ ದೊರೆಯಿತು. ಹಕ್ಕಿಗಳ ಹೆಸರು ಪಟ್ಟಿಯಲ್ಲಿ ಸೇರಿದೆ, ಸಂತೋಷ. ಅದೇ ನೀರಿನಲ್ಲಿ ಸೊಂಟದವರೆಗೆ ಇಳಿದು ಚಿಪ್ಪಿ ತೆಗೆಯುವ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲಿದೆ?

2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೀನುಗಾರರ ಹಳ್ಳಿ, ಮೀನು ಒಣಗಿಸುವ ಜಾಗ, ಅವರ ಸಾಮೂಹಿಕ ಸ್ಥಳಗಳನ್ನು ನಕ್ಷೆಯಲ್ಲಿ ತೋರಿಸಬೇಕೆಂದು ಹೇಳಿತು. ನಕ್ಷೆಯಲ್ಲಿ ತೋರಿಸಬೇಕಾದರೆ ತೋರಿಸಿಕೊಡುವವರು ಬೇಕು. ಯಾವ ದೋಣಿ ಯಾವ ಇಳಿದಾಣಕ್ಕೆ ಸೇರಿದ್ದು, ಅಲ್ಲಿಗೆ ಹೋಗುವ ಕಾಲುದಾರಿ ಯಾವುದು, ಬಲೆ ಹರವುವ ಮರಳು ಎಷ್ಟು, ಇದನ್ನು ಬರೆದಿಟ್ಟ ಪುಸ್ತಕ ನಮ್ಮ ಯಾವ ಊರಿನಲ್ಲಿಯೂ ಇಲ್ಲ. ನಾನು ಕೇಳುವ ಮೇಳ ಆ ಪುಸ್ತಕವನ್ನು ಬರೆಯುವ ದಿನ. ಒಂದೊಂದು ದೋಣಿಯಾಗಿ ಮನೆಮನೆಗೆ ಹೋಗಿ ಬರೆಯಲು ಹೊರಟರೆ ಜನ ಸಂಶಯಪಡುತ್ತಾರೆ; ತೆರಿಗೆಯವನೋ, ಬ್ಯಾಂಕಿನವನೋ ಎಂದು ಬಾಗಿಲು ಹಾಕುತ್ತಾರೆ. ಎಲ್ಲ ದೋಣಿಗಳೂ ಒಂದೇ ದಿನ ಒಂದೇ ನೀರಿನಲ್ಲಿ ನಿಂತರೆ ಬರೆಯಿಸುವುದಕ್ಕೆ ಧೈರ್ಯ ಬರುತ್ತದೆ, ನೋಡಿದವರಿಗೆ ಎಣಿಕೆಯೂ ಸಿಗುತ್ತದೆ.

ಇನ್ನು ನನ್ನ ತಪ್ಪಿನ ಲೆಕ್ಕವನ್ನೂ ಒಪ್ಪಿಸಬೇಕು. ಇಂಥ ಮೇಳವನ್ನು ನಾನು ಹಿಂದೊಮ್ಮೆ ಒಂದು ಹೊಳೆಯ ಬಾಯಲ್ಲಿ ನಡೆಸಿ ಕೆಡಿಸಿದವನು. ಒಂದು ಇಲಾಖೆಯ ಅಧಿಕಾರಿಗಳು ಶಾಮಿಯಾನ ಕೊಡುತ್ತೇವೆಂದರು. ಅದಕ್ಕೆ ಪ್ರತಿಯಾಗಿ ಉದ್ಘಾಟನೆಗೆ ದೊಡ್ಡವರೊಬ್ಬರನ್ನು ಕರೆಯಬೇಕೆಂದರು. ದೊಡ್ಡವರಿಗೆ ಬಿಡುವು ಇದ್ದುದು ಹುಣ್ಣಿಮೆಯ ದಿನ ಸಂಜೆ ಐದು ಗಂಟೆಗೆ. ಮ್ಯಾಟ್ರಿಕ್ ಪಾಸಾಗಿ, ಹನ್ನೊಂದು ವರ್ಷ ಮಕ್ಕಳಿಗೆ ಭೂಗೋಲ ಕಲಿಸಿದ ನಾನು ಚಂದ್ರನಿಗೂ ಉಬ್ಬರಕ್ಕೂ ಇರುವ ಸಂಬಂಧವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ! ಆದರೂ ತಲೆಯಾಡಿಸಿ ಒಪ್ಪಿದೆ. ಹುಣ್ಣಿಮೆ-ಅಮಾವಾಸ್ಯೆಗಳಲ್ಲಿ ನಮ್ಮ ಕಡೆ ನೀರು ತುಂಬುವುದು ಸುಮಾರು ನಡುಹಗಲಿಗೆ. ಸಂಜೆ ಐದು-ಆರರ ಹೊತ್ತಿಗೆ ಪೂರ್ತಿ ಇಳಿತ. ಬೆಳಿಗ್ಗೆ ಬಂದ ಹದಿನೇಳು ದೋಣಿಯವರು ಊಟವಿಲ್ಲದೆ ಕಾದರು. ಅತಿಥಿಗಳು ಹಾರ ಹಾಕಿಸಿಕೊಂಡು ಹಸಿರು ನಿಶಾನೆ ಬೀಸಿದಾಗ ದೋಣಿಗಳೆಲ್ಲ ಕೆಸರಿನಲ್ಲಿ ಒರಗಿ ಮಲಗಿದ್ದವು. ಒಬ್ಬ ಮುದುಕರು ನನ್ನ ಹತ್ತಿರ ಬಂದು, “ಮಾಸ್ತರೇ, ತಾರೀಕು ಯಾರನ್ನು ಕೇಳಿ ಇಟ್ರಿ? ಹುಣ್ಣಿಮೆ ದಿನ ಸಂಜೆ ಇಲ್ಲಿ ನೀರು ಎಲ್ಲಿರ್ತದೆ ಅಂತ ನಮ್ಮನೆ ಸಣ್ಣ ಹುಡುಗನ್ನ ಕೇಳಿದ್ರೂ ಹೇಳ್ತಿದ್ದ” ಎಂದರು. ನನಗೆ ತಲೆಯೆತ್ತಲಾಗಲಿಲ್ಲ. ಅವರು ಬೈಯಲಿಲ್ಲ. ನಡುರಾತ್ರಿ ನೀರು ಏರುವವರೆಗೆ ಕೂತು, ದೋಣಿ ತೇಲಿದ ಮೇಲೆ ಹೊರಟುಹೋದರು. ಶಾಮಿಯಾನದ ಕೆಳಗೆ ಮರುದಿನ ಉಳಿದದ್ದು ಪ್ಲಾಸ್ಟಿಕ್ ಬಾಟಲಿ ಮಾತ್ರ.

ಆ ದಿನ ನಾನು ಕಲಿತದ್ದು ಇಷ್ಟು: ಮೇಳದ ಸಮಯ ನಿಶ್ಚಯಿಸುವವನೇ ಮೇಳದ ಯಜಮಾನ. ಅಧಿಕಾರಿ ನಿಶ್ಚಯಿಸಿದರೆ ಅದು ಅಧಿಕಾರಿಯ ಮೇಳ. ದೋಣಿಯವನು ನಿಶ್ಚಯಿಸಿದರೆ ದೋಣಿಯವನ ಮೇಳ.

ಬೇರೆ ಕಡೆಗಳಲ್ಲಿ ಏನು ಮಾಡಿದ್ದಾರೆಂದು ತಿಳಿಯುವುದೂ ಒಳ್ಳೆಯದು. ಕೇರಳದ ಆಲಪ್ಪುಳದಲ್ಲಿ 1952ರಲ್ಲಿ ಪ್ರಧಾನಿ ನೆಹರೂ ಅವರ ಭೇಟಿಗೆಂದು ದೋಣಿ ಸ್ಪರ್ಧೆ ಏರ್ಪಡಿಸಿದರು. ಅವರು ಉತ್ಸಾಹದಿಂದ ಗೆದ್ದ ದೋಣಿಗೇ ಹತ್ತಿಬಿಟ್ಟರು. ಮುಂದೆ ಬೆಳ್ಳಿಯ ಪಾರಿತೋಷಕ ಕಳಿಸಿದರು. ಇಂದಿಗೂ ಅಲ್ಲಿ ಊರಿಗೆ ಊರೇ ತನ್ನ ಹಾವುದೋಣಿಗಾಗಿ ದುಡಿಯುತ್ತದೆ. ಆ ಒಗ್ಗಟ್ಟು ಮೆಚ್ಚತಕ್ಕದ್ದು. ಆದರೆ ಹಾವುದೋಣಿ ಮೀನು ಹಿಡಿಯುವ ದೋಣಿಯಲ್ಲ. 2019ರಿಂದ ಲೀಗ್ ಪಂದ್ಯಗಳೂ ಆರಂಭವಾಗಿ ಅಲ್ಲಿ ವ್ಯಾಪಾರದ ಗಾಳಿ ಬೀಸಿದೆ. ನಮಗೆ ಪಂದ್ಯ ಬೇಡ. ಪಂದ್ಯವಿಟ್ಟರೆ ಗೆದ್ದ ದೋಣಿಯೊಂದೇ ಪತ್ರಿಕೆಯಲ್ಲಿ ಬರುತ್ತದೆ. ಮುದುಕನ ಪಾತಿ ದಡದಲ್ಲೇ ಉಳಿಯುತ್ತದೆ.

ಫ್ರಾನ್ಸಿನ ಬ್ರಿಟನಿ ಪ್ರಾಂತದ ಉದಾಹರಣೆ ನಮಗೆ ಹೆಚ್ಚು ಹತ್ತಿರವಾದುದು. ಅಲ್ಲಿಯೂ ಹಾಯಿಯ ಮೀನುದೋಣಿಗಳು ಅಳಿದುಹೋಗಿದ್ದವು. 1980ರ ದಶಕದಲ್ಲಿ ಒಂದು ಪತ್ರಿಕೆಯ ಸುತ್ತ ಸೇರಿದ ಕೆಲವರು ಊರೂರು ತಿರುಗಿ ಹಳೆಯ ಬಡಗಿಗಳನ್ನೂ ಮೀನುಗಾರರನ್ನೂ ಕೇಳಿ ಬರೆದುಕೊಂಡರು. 1986ರಲ್ಲಿ ದುವಾರ್ನೆನೆ ಎಂಬ ಮೀನುಗಾರರ ಪಟ್ಟಣದಲ್ಲಿ ದೊಡ್ಡ ಕೂಟ ನಡೆಯಿತು. ಆಮೇಲೆ ಆ ಪತ್ರಿಕೆಯವರು, ಪ್ರತಿ ರೇವಿನವರೂ ತಮ್ಮ ಊರಿನ ಹಳೆಯ ಮಾದರಿಯ ದೋಣಿಯೊಂದನ್ನು ತಾವೇ ಕಟ್ಟಿಸಿ ತರಬೇಕೆಂದು ಕರೆಕೊಟ್ಟರು. 1992ರಲ್ಲಿ ಬ್ರೆಸ್ಟ್ ನಗರದಲ್ಲಿ ಆ ದೋಣಿಗಳೆಲ್ಲ ಕೂಡಿದವು. ಇಲ್ಲಿ ನಾವು ತೆಗೆದುಕೊಳ್ಳತಕ್ಕ ಪಾಠವೆಂದರೆ ಕೂಟದ ದಿನಕ್ಕಿಂತ ಕೂಟದ ಹಿಂದಿನ ವರ್ಷಗಳು ಮುಖ್ಯ. ಆದರೆ ಅಲ್ಲಿ ದೋಣಿ ಬಹುಮಟ್ಟಿಗೆ ನೆನಪಾದ ಮೇಲೆ ಜನ ಕೂಡಿದರು. ನಮ್ಮಲ್ಲಿ ದೋಣಿ ಇನ್ನೂ ಅನ್ನ ಕೊಡುತ್ತಿರುವಾಗಲೇ ನಾವು ಕೂಡಬಹುದು.

ಈಗ ನಡೆಸುವ ಬಗೆ. ಸಂಗಾತಿಗಳು ಟೀಕೆ ಮಾಡಬೇಕೆಂದೇ ವಿವರವಾಗಿ ಬರೆಯುತ್ತೇನೆ.

ಒಂದು, ದಿನ ಮತ್ತು ನೀರು. ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ದೋಣಿಗಳು ಅತ್ತ ಹೋಗುತ್ತವೆ. ಆದ್ದರಿಂದ ಮಾಘ ಹುಣ್ಣಿಮೆ. ಆಗ ಕಡಲು ಶಾಂತವಾಗಿರುತ್ತದೆ. ಮಿರ್ಜಾನ, ದಿವಗಿ, ಹೆಗಡೆ, ಮಾಸೂರು ಕಡೆಯ ಮೇಲ್ನೀರಿನವರು ರಾತ್ರಿಯ ಇಳಿತದ ಜೊತೆ ಬೆಳಗಾಗುವ ಮೊದಲೇ ಕೆಳಕ್ಕೆ ಬರಲಿ. ಕಡಲಿನ ಕಡೆಯವರು ಬೆಳಗಿನ ಉಬ್ಬರದ ಜೊತೆ ಒಳಗೆ ಬರಲಿ. ನೀರು ತುಂಬಿ ನಿಲ್ಲುವ ನಡುಹಗಲಿಗೆ ಎಲ್ಲ ದೋಣಿಗಳೂ ತದಡಿಗೂ ಅಘನಾಶಿನಿ ಊರಿಗೂ ನಡುವೆ ಸಾಲಾಗಿ ಸಾಗಲಿ. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಹಾಯಿ ಇರುವವರು ಹಾಯಿ ಬಿಚ್ಚಲಿ. ಭಾಷಣ ಇರಕೂಡದೆಂದು ಹೇಳುವುದಿಲ್ಲ. ಇಳಿತಕ್ಕೆ ಮೊದಲು ಮುಗಿಯಬೇಕು.

ಎರಡು, ಜೀವರಕ್ಷಣೆ. 2019ರ ಜನವರಿ 21ರಂದು ಅದೇ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡು, ರಕ್ಷಾ ಜಾಕೀಟಿಲ್ಲದೆ ಹೊರಡುವ ರೂಢಿಯ ಫಲ ಅದು. ನಮ್ಮ ಮೇಳದಲ್ಲಿ ನೋಡುಗರನ್ನು ಯಾವ ದೋಣಿಗೂ ಹತ್ತಿಸಕೂಡದು. ದೋಣಿಯಲ್ಲಿ ಅದರ ಆಳುಗಳು ಮಾತ್ರ. ಹೊರಡುವಾಗ ತಲೆ ಎಣಿಸಿ ಬರೆಯಬೇಕು, ದಡ ಮುಟ್ಟಿದಾಗ ಮತ್ತೆ ಎಣಿಸಬೇಕು. ಯಂತ್ರವಿರುವ ನಾಲ್ಕು ದೋಣಿಗಳು ಬೇರೆ ಕೆಲಸವಿಲ್ಲದೆ ಕಾವಲಿಗೆ ನಿಲ್ಲಬೇಕು. ಗಾಳಿ ಕೆಟ್ಟರೆ ಮೇಳ ನಿಲ್ಲಿಸುವ ಅಧಿಕಾರ ಮೂವರು ಹಿರಿಯ ದೋಣಿಯವರಿಗೆ ಇರಬೇಕು. ಪಕ್ಷದ ಕಾರ್ಯದರ್ಶಿಯೂ ಅದನ್ನು ಮೀರಕೂಡದು. ಒಂದು ಜೀವ ಹೋದರೆ ನಮ್ಮ ಎಲ್ಲ ವಾದವೂ ಅದರ ಜೊತೆಗೇ ಹೋಗುತ್ತದೆ.

ಮೂರು, ಹಣ. ಕಂಪನಿಗಳ ಫಲಕ ಬೇಡ. ಇಂದು ಫಲಕ ಕಟ್ಟಿಸಿದವನು ನಾಳೆ ಇದೇ ದಡದಲ್ಲಿ ಬೇಲಿ ಕಟ್ಟಲು ಬಂದರೆ ನಾವು ಬಾಯಿ ಬಿಡುವುದು ಹೇಗೆ? ರಂಪಣಿಯ ಪದ್ಧತಿಯೇ ಸಾಕು. ಪ್ರತಿ ದೋಣಿಯಿಂದ ಕೈಲಾದ ಪಾಲು, ಪ್ರತಿ ಊರಿನಿಂದ ಅಕ್ಕಿ, ತೆಂಗಿನಕಾಯಿ, ಮೀನು. ಲೆಕ್ಕವನ್ನು ಅದೇ ಸಂಜೆ ಮರಳಿನ ಮೇಲೆ ಎಲ್ಲರೆದುರಿಗೆ ಓದಬೇಕು.

ನಾಲ್ಕು, ಜಾತಿ. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ, ಮೊಗವೀರ, ದಾಲ್ಜಿ, ಕ್ರಿಸ್ತೀಯ ಎಲ್ಲರೂ ನೀರಿನವರೇ. ಆದರೆ ಒಬ್ಬೊಬ್ಬರದು ಒಂದೊಂದು ಸಮಾಜ, ಒಂದೊಂದು ಅಧ್ಯಕ್ಷಗಿರಿ. ಬಂದರು ಕಟ್ಟುವವರು ಈ ಬಿರುಕುಗಳನ್ನು ಚೆನ್ನಾಗಿ ಬಲ್ಲರು. ಒಂದು ಸಮಾಜಕ್ಕೆ ಸಭಾಭವನ ಕೊಟ್ಟು ಇನ್ನೊಂದನ್ನು ಮೌನಗೊಳಿಸುವುದು ಹಳೆಯ ಆಟ. ಮೇಳದ ಸಮಿತಿಯನ್ನು ಸಮಾಜದ ಲೆಕ್ಕದಲ್ಲಿ ಮಾಡದೆ ಇಳಿದಾಣದ ಲೆಕ್ಕದಲ್ಲಿ ಮಾಡಬೇಕು. ಒಂದು ಇಳಿದಾಣಕ್ಕೆ ಇಬ್ಬರು. ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಮೀನು ಮಾರುವವಳು, ಒಣಗಿಸುವವಳು, ಚಿಪ್ಪಿ ತೆಗೆಯುವವಳು ಇಲ್ಲದೆ ದೋಣಿಗೆ ಅರ್ಥವಿಲ್ಲ. ಊಟ ಬಡಿಸುವುದಕ್ಕೆ ಮಾತ್ರ ಅವರನ್ನು ಕರೆಯುವುದಾದರೆ ಕರೆಯುವುದೇ ಬೇಡ.

ಐದು, ಪುಸ್ತಕ. ಇದು ಮೇಳದ ಜೀವ. ಪ್ರತಿ ದೋಣಿಯ ಪಕ್ಕದಲ್ಲಿ ಎಂಟನೆಯ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗ ಅಥವಾ ಹುಡುಗಿ ಕೂತು ಬರೆಯಲಿ: ದೋಣಿ ಯಾರದು, ಎಷ್ಟು ವರ್ಷದ್ದು, ಯಾವ ಮರದ್ದು, ಕಟ್ಟಿದ ಬಡಗಿ ಯಾರು, ಇಳಿದಾಣ ಯಾವುದು, ಯಾವ ತಿಂಗಳು ಯಾವ ಮೀನು. ಹುಟ್ಟು, ಚುಕ್ಕಾಣಿ, ಹಾಯಿ, ಲಂಗರು, ಪಾತಿಯ ಪಕ್ಕಕ್ಕೆ ಕಟ್ಟುವ ತೇಲುಮರ, ಇವಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರಿದೆ. ಆ ಹೆಸರುಗಳನ್ನೂ ಬರೆಯಲಿ. ಶಾಲೆಯಲ್ಲಿದ್ದಾಗ ನಾನು ಮೀನುಗಾರರ ಮಕ್ಕಳಿಗೆ ‘ನಿಮ್ಮ ಅಪ್ಪನ ಕೆಲಸವೇನು’ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಆ ತಲೆ ಒಂದು ದಿನವಾದರೂ ಮೇಲೇಳಲಿ. ಪುಸ್ತಕದ ಒಂದು ಪ್ರತಿ ಗ್ರಾಮ ಪಂಚಾಯತಿಗೆ, ಒಂದು ಜಿಲ್ಲಾಧಿಕಾರಿಗಳಿಗೆ, ಒಂದು ಇಳಿದಾಣದವರ ಕೈಯಲ್ಲಿ. ಸ್ವೀಕರಿಸಿದ್ದಕ್ಕೆ ರಸೀತಿ ಪಡೆಯತಕ್ಕದ್ದು.

ಕೊನೆಗೆ ಒಂದೆರಡು ಆಕ್ಷೇಪಣೆಗಳು. ಇದು ಬಡವನನ್ನು ಮತ್ತೆ ಹುಟ್ಟಿಗೆ ಕಟ್ಟಿಹಾಕುವ ಹಂಚಿಕೆಯಲ್ಲವೇ ಎಂದು ತರುಣರು ಕೇಳುತ್ತಾರೆ. ಅಲ್ಲ. ದುಡಿಯುವವನ ಕೈಗೆ ಒಳ್ಳೆಯ ಯಂತ್ರ, ಅಗ್ಗದ ಸೀಮೆಎಣ್ಣೆ, ಕಡಮೆ ಬಡ್ಡಿಯ ಸಾಲ ಸಿಗಲೇಬೇಕು. ಆ ಹೋರಾಟ ಬಿಡುವುದಿಲ್ಲ. ಟ್ರಾಲ್ ಬೋಟಿನ ಆಳುಗಳಿಗೆ ಇದರಿಂದ ನೋವಾಗದೇ ಎಂದೂ ಕೇಳುತ್ತಾರೆ. ಒಡಿಶಾ, ಜಾರ್ಖಂಡಗಳಿಂದ ಬಂದು ನಮ್ಮ ಬಂದರುಗಳಲ್ಲಿ ದುಡಿಯುವ ಆ ಕೂಲಿಕಾರರು ನಮ್ಮ ವೈರಿಗಳಲ್ಲ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರವೇ ನಿಷೇಧಿಸಿದ ಬೆಳಕಿನ ಮೀನುಗಾರಿಕೆಯನ್ನು ಕದ್ದು ನಡೆಸುವ ಮಾಲೀಕರೊಡನೆ ನಮ್ಮ ಜಗಳ. ಬೋಟಿನ ಆಳುಗಳನ್ನೂ ಮೇಳದ ಊಟಕ್ಕೆ ಕರೆಯೋಣ.

1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಕಡಲ ನೀರಿನಿಂದ ಉಪ್ಪು ಮಾಡಿ, ಈ ಸಮುದ್ರದ ಮೇಲೆ ನಮಗೂ ಹಕ್ಕಿದೆಯೆಂದು ಸಾಮ್ರಾಜ್ಯಕ್ಕೆ ಹೇಳಿದರು. ಅವರೂ ಬರಿಗೈಯಲ್ಲಿ ಹೋದವರು. ಆದರೆ ಸಾವಿರ ಜನರ ಕಣ್ಣೆದುರಿಗೆ ಹಗಲಲ್ಲಿ ಮಾಡಿದರು. ನಾವೂ ಹಗಲಲ್ಲಿ, ಎಲ್ಲರ ಕಣ್ಣೆದುರಿಗೆ, ನಮ್ಮ ದೋಣಿಗಳನ್ನು ಎಣಿಸೋಣ.

ಮುಂದಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ತದಡಿಯ ದಕ್ಕೆಯ ಬಳಿ ಪೂರ್ವಭಾವಿ ಸಭೆ ಕರೆಯಬೇಕೆಂದಿದ್ದೇನೆ. ಕುರ್ಚಿ ಇರುವುದಿಲ್ಲ. ಸಂಗಾತಿಗಳು ಬರುವಾಗ ತಮ್ಮ ಊರಿನ ಒಬ್ಬ ಹಿರಿಯ ದೋಣಿಯವರನ್ನು ಜೊತೆಯಲ್ಲಿ ಕರೆತರಬೇಕು. ಗಂಟೆಯನ್ನು ಅವರನ್ನು ಕೇಳಿಯೇ ಗೊತ್ತುಮಾಡುತ್ತೇನೆ.